ಅಂಟುವಾಳದ ಲೆಕ್ಕ

ಮೊನ್ನೆ ಭಾನುವಾರ ನಮ್ಮ ಮನೆಯ ಹಿತ್ತಲಿನಲ್ಲಿ ಹನ್ನೆರಡು ಬಿಳಿ ಬಟ್ಟೆ ತುಂಡುಗಳು ಸಾಲಾಗಿ ಒಣಗುತ್ತಿದ್ದವು. ಪಕ್ಕದ ಮನೆಯವರು ಕಾಂಪೌಂಡಿನಿಂದ ಇಣುಕಿ, "ಏನ್ರೀ ಇದು, ಮನೇಲಿ ಪುಟ್ಟ ಮಗು ಬಂದಿದೆಯಾ?" ಎಂದು ಕೇಳಿದರು. ಮಗು ಬಂದಿರಲಿಲ್ಲ. ಆರನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳಿಗೆ ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ ಬಂದಿತ್ತು. ಅವಳು ಆರಿಸಿಕೊಂಡ ವಿಷಯ, "ಮನೆಯಲ್ಲೇ ಮಾಡಬಹುದಾದ ಬಟ್ಟೆ ಒಗೆಯುವ ದ್ರಾವಣ". ಆರಿಸಿಕೊಂಡವಳು ಅವಳು, ತುಂಡಾಗಿದ್ದು ನನ್ನ ಹಳೆಯ ಪಂಚೆ.

ದ್ರಾವಣಕ್ಕೆ ಬೇಕಾದ ಮುಖ್ಯ ಸಾಮಾನು ಅಂಟುವಾಳದ ಕಾಯಿ. ಅಜ್ಜ ಅಜ್ಜಿಯರಿಗೆ ಇದನ್ನು ಪರಿಚಯಿಸಬೇಕಾಗಿಲ್ಲ. ಮಕ್ಕಳಿಗಾಗಿ ಹೇಳುತ್ತೇನೆ. ಇದು ಸಣ್ಣ ನೆಲ್ಲಿಕಾಯಿ ಗಾತ್ರದ ಕಾಯಿ. ಒಣಗಿದರೆ ಕಂದು ಬಣ್ಣಕ್ಕೆ ತಿರುಗಿ, ಸಿಪ್ಪೆ ಸುಕ್ಕಾಗಿ, ಮುಟ್ಟಿದರೆ ಸ್ವಲ್ಪ ಅಂಟಂಟಾಗಿರುತ್ತದೆ. ಒಳಗೆ ಗೋಲಿಯಂತಹ ಗಟ್ಟಿ ಕಪ್ಪು ಬೀಜ. ಕೆಲವು ಕಡೆ ಇದನ್ನು ನೊರೆಕಾಯಿ ಎನ್ನುತ್ತಾರೆ, ಹಿಂದಿಯವರು ರೀಠಾ ಎನ್ನುತ್ತಾರೆ. ವಿಜ್ಞಾನಿಗಳು ಈ ಮರದ ಕುಲಕ್ಕೆ ಸಪಿಂಡಸ್ ಎಂದು ಹೆಸರಿಟ್ಟಿದ್ದಾರೆ. "ಭಾರತದ ಸೋಪು" ಎಂಬ ಅರ್ಥದ ಲ್ಯಾಟಿನ್ ಮಾತುಗಳಿಂದ ಬಂದ ಹೆಸರು ಅದು. ನಮ್ಮ ದಕ್ಷಿಣದ ಮರದಲ್ಲಿ ಸಾಮಾನ್ಯವಾಗಿ ಮೂರು ಕಾಯಿಗಳು ಒಂದಕ್ಕೊಂದು ಅಂಟಿಕೊಂಡೇ ಬೆಳೆಯುತ್ತವೆ. ಅಕ್ಕಸಾಲಿಗರು ಚಿನ್ನ ಬೆಳ್ಳಿ ತೊಳೆಯುವುದಕ್ಕೆ, ನಮ್ಮ ತಾಯಂದಿರು ತಲೆಗೆ ಮತ್ತು ರೇಷ್ಮೆ ಸೀರೆಗೆ ಇದನ್ನೇ ಬಳಸುತ್ತಿದ್ದರು. ಈಗಲೂ ಗ್ರಂಧಿಗೆ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ.

ಈ ಕಾಯಿಯನ್ನು ನನಗೆ ಪರಿಚಯಿಸಿದವರು ಒಬ್ಬ ಮಡಿವಾಳರು. ಆ ಕಥೆಯನ್ನು ಆಮೇಲೆ ಹೇಳುತ್ತೇನೆ. ಹೇಳಲೇಬೇಕಾಗಿ ಬಂತು, ಅದಕ್ಕೆ ಮೊಮ್ಮಗಳೇ ಕಾರಣ.

ಮೊದಲು ದ್ರಾವಣ ಮಾಡುವ ಬಗೆ ನೋಡೋಣ. ಬೀಜ ತೆಗೆದ ಅಂಟುವಾಳದ ಸಿಪ್ಪೆ 60 ಗ್ರಾಂ ತೆಗೆದುಕೊಳ್ಳಿ. ಬೀಜದಲ್ಲಿ ನೊರೆ ಇಲ್ಲ, ಆದ್ದರಿಂದ ಬೀಜ ಸಮೇತ ತೂಗಿಸಿಕೊಂಡರೆ ನಷ್ಟ ನಿಮಗೇ. ಎರಡು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ. ಬೆಳಿಗ್ಗೆ ಅದೇ ನೀರಿನ ಸಮೇತ ದೊಡ್ಡ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಇಪ್ಪತ್ತು ನಿಮಿಷ ಕುದಿಸಿ. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು. ಹಾಲು ಉಕ್ಕಿದರೆ ಒಲೆ ಒರೆಸಿದರಾಯಿತು, ಇದು ಉಕ್ಕಿದರೆ ಒರೆಸಿದಷ್ಟೂ ನೊರೆ! ತಣ್ಣಗಾದ ಮೇಲೆ ಸಿಪ್ಪೆಯನ್ನು ಕೈಯಲ್ಲಿ ಚೆನ್ನಾಗಿ ಕಿವುಚಿ ತೆಳು ಬಟ್ಟೆಯಲ್ಲಿ ಸೋಸಿ. ಕಡು ಚಹಾದ ಬಣ್ಣದ ನೀರು ಸಿಗುತ್ತದೆ. ಇದನ್ನು ನಾಲ್ಕು ಪಾಲು ಮಾಡಿದರೆ ನಾಲ್ಕು ಬಕೆಟ್ ಬಟ್ಟೆಗೆ ಆಗುತ್ತದೆ. ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರಿದ್ದರೆ ಕೆಲಸ ಚೆನ್ನಾಗಿ ಆಗುತ್ತದೆ. ಅರ್ಧ ಗಂಟೆ ನೆನೆಸಿ, ಉಜ್ಜಿ, ಜಾಲಿಸಿ.

ಕುದಿಸುವ ಕೆಲಸ ದೊಡ್ಡವರದ್ದು, ಕಿವುಚುವ ಕೆಲಸ ಮಕ್ಕಳದ್ದು. ಕಿವುಚಿದ ಕೈ ಕಣ್ಣಿಗೆ ಹೋಗಬಾರದು, ವಿಪರೀತ ಉರಿ. ಉಳಿದ ದ್ರಾವಣವನ್ನು ಸೀಸೆಗೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ ಇರುತ್ತದೆ, ಹೊರಗಿಟ್ಟರೆ ಎರಡು ಮೂರು ದಿನದಲ್ಲಿ ಹುಳಿವಾಸನೆ ಬರುತ್ತದೆ. ಸೀಸೆಯ ಮೇಲೆ "ಕುಡಿಯಬಾರದು" ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿ. ನೋಡಲು ಚಹಾದ ಡಿಕಾಕ್ಷನ್ನಿನಂತೆಯೇ ಇರುವುದರಿಂದ ನನ್ನಂತಹ ಮುದುಕರ ಮೇಲೆ ಭರವಸೆ ಇಡಬಾರದು. ಇನ್ನೊಂದು ಮಾತು. ಇದರ ನೀರನ್ನು ಕೆರೆಗೆ, ಹೊಂಡಕ್ಕೆ, ಮೀನಿನ ತೊಟ್ಟಿಗೆ ಸುರಿಯಬೇಡಿ. ಅಂಟುವಾಳದ ರಸ ಮೀನಿಗೆ ವಿಷ. "ನೈಸರ್ಗಿಕ" ಎಂದ ಮಾತ್ರಕ್ಕೆ ಎಲ್ಲರಿಗೂ ಸಾಧು ಎಂದಲ್ಲ.

"ಸೋಪೇ ಇಲ್ಲದೆ ನೊರೆ ಹೇಗೆ ಬರುತ್ತೆ ತಾತ?" ಎಂದಳು ಮೊಮ್ಮಗಳು. ನಾನು ಓದಿದ್ದು ಬಿ.ಕಾಂ., ರಸಾಯನಶಾಸ್ತ್ರವಲ್ಲ. ಆದರೂ ಅವಳ ಪುಸ್ತಕ ಓದಿ ತಿಳಿದುಕೊಂಡೆ. ಅಂಟುವಾಳದ ಸಿಪ್ಪೆಯಲ್ಲಿ ಸಪೋನಿನ್ ಎಂಬ ವಸ್ತು ಇದೆ. ಅದರ ಒಂದೊಂದು ಕಣಕ್ಕೂ ಎರಡು ಸ್ವಭಾವ. ಒಂದು ಭಾಗಕ್ಕೆ ನೀರೆಂದರೆ ಇಷ್ಟ, ಇನ್ನೊಂದು ಭಾಗಕ್ಕೆ ಎಣ್ಣೆ ಜಿಡ್ಡೆಂದರೆ ಇಷ್ಟ. ಬಟ್ಟೆಯ ಕೊಳೆ ಸಾಮಾನ್ಯವಾಗಿ ಜಿಡ್ಡಿನ ಜೊತೆ ಅಂಟಿಕೊಂಡಿರುತ್ತದೆ. ನೀರಿಗೂ ಜಿಡ್ಡಿಗೂ ಮಾತುಕತೆ ಇಲ್ಲ. ಸಪೋನಿನ್ ಒಂದು ಕೈಯಲ್ಲಿ ಜಿಡ್ಡನ್ನು, ಇನ್ನೊಂದು ಕೈಯಲ್ಲಿ ನೀರನ್ನು ಹಿಡಿದುಕೊಂಡು ಇಬ್ಬರನ್ನೂ ಜೊತೆಯಲ್ಲಿ ಕರೆದೊಯ್ಯುತ್ತದೆ. ಅಂಗಡಿಯ ಸೋಪು ಮಾಡುವುದೂ ಇದನ್ನೇ. ಆದರೆ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಬಾರ್ ಸೋಪು ನೊರೆ ಕೊಡದೆ ಮೊಸರೊಡೆದಂತೆ ಒಡೆಯುತ್ತದೆ. ನೀರಿನ ಸುಣ್ಣದಂಶ ಸೋಪನ್ನು ಕಟ್ಟಿಹಾಕುವುದರಿಂದ ಹಾಗಾಗುತ್ತದೆ. ನಮ್ಮ ಮನೆಯ ಬೋರ್ ನೀರಿನಲ್ಲಿ ಅಂಟುವಾಳ ಹಾಗೆ ಒಡೆಯಲಿಲ್ಲ.

ಇನ್ನು ಪರೀಕ್ಷೆಗೆ ಬರೋಣ. ಪಂಚೆಯ ಹನ್ನೆರಡು ತುಂಡುಗಳಲ್ಲಿ ಮೂರಕ್ಕೆ ಕೆಮ್ಮಣ್ಣು, ಮೂರಕ್ಕೆ ಕೊಬ್ಬರಿ ಎಣ್ಣೆ, ಮೂರಕ್ಕೆ ಅರಿಸಿನ, ಮೂರಕ್ಕೆ ಚಹಾ ಹಚ್ಚಿ ಒಂದು ರಾತ್ರಿ ಬಿಟ್ಟೆವು. ಮರುದಿನ ಪ್ರತಿಯೊಂದು ಬಗೆಯಲ್ಲೂ ಒಂದನ್ನು ಬರೀ ನೀರಿನಲ್ಲಿ, ಒಂದನ್ನು ಅಂಟುವಾಳದ ನೀರಿನಲ್ಲಿ, ಇನ್ನೊಂದನ್ನು ಮನೆಯಲ್ಲಿದ್ದ ಅಂಗಡಿ ಪುಡಿಯಲ್ಲಿ ಒಗೆದೆವು. ಮೂರಕ್ಕೂ ಒಂದೇ ಬೆಚ್ಚಗಿನ ನೀರು, ಒಂದೇ ಹೊತ್ತು, ಐವತ್ತು ಸಲ ಉಜ್ಜುವುದು. ಎಣಿಸುವ ಕೆಲಸ ನನ್ನದು. ಮೂವತ್ತನೆಯದಕ್ಕೇ "ಐವತ್ತಾಯ್ತು ತಾತ" ಎನ್ನುತ್ತಿದ್ದಳು.

ಕೆಮ್ಮಣ್ಣು ಅಂಟುವಾಳಕ್ಕೂ ಹೋಯಿತು, ಪುಡಿಗೂ ಹೋಯಿತು. ಬರೀ ನೀರಿನ ತುಂಡಿನಲ್ಲಿ ಮಬ್ಬಾಗಿ ಉಳಿಯಿತು. ಕೊಬ್ಬರಿ ಎಣ್ಣೆಯ ಕಲೆ ಪುಡಿಯಲ್ಲಿ ಪೂರ್ತಿ ಹೋಯಿತು, ಅಂಟುವಾಳದಲ್ಲಿ ಬೆಳಕಿಗೆ ಹಿಡಿದರೆ ಮಾತ್ರ ಒಂದು ನೆರಳು ಕಾಣುತ್ತಿತ್ತು. ಅರಿಸಿನದಲ್ಲಿ ತಮಾಷೆಯೇ ನಡೆಯಿತು. ಪುಡಿಯ ನೀರಿಗೆ ಹಾಕಿದೊಡನೆ ಹಳದಿ ಕಲೆ ಕೆಂಪಗಾಯಿತು! ಮೊಮ್ಮಗಳು ಕೂಗಿದ ಕೂಗಿಗೆ ಅಜ್ಜಿ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದರು. ಅರಿಸಿನ ಕ್ಷಾರಕ್ಕೆ ಕೆಂಪಾಗುತ್ತದೆ. ಅರಿಸಿನಕ್ಕೆ ಸುಣ್ಣ ಬೆರೆಸಿ ಆರತಿಗೆ ಕೆಂಪು ನೀರು ಮಾಡುತ್ತೇವಲ್ಲ, ಅದೇ ಗುಟ್ಟು. ಪುಡಿ ಕ್ಷಾರ, ಅಂಟುವಾಳ ಹಾಗಲ್ಲ, ಆದ್ದರಿಂದ ಅದರಲ್ಲಿ ಹಳದಿ ಹಳದಿಯಾಗಿಯೇ ಇತ್ತು. ಆದರೆ ಕಲೆ ಎರಡರಲ್ಲೂ ಹೋಗಲಿಲ್ಲ. ಎರಡು ದಿನ ಬಿಸಿಲಿಗೆ ಹಾಕಿದ ಮೇಲೆ ತಾನಾಗಿ ಮಾಸಿತು. ಅರಿಸಿನದ ಕಲೆಗೆ ಸೂರ್ಯನೇ ಮಡಿವಾಳ.

ಕೊನೆಗೆ ಉಳಿದದ್ದು ಚಹಾ. ಪುಡಿಯಲ್ಲಿ ಒಗೆದ ತುಂಡು ಹೆಚ್ಚು ಕಡಿಮೆ ಬೆಳ್ಳಗಾಯಿತು. ಅಂಟುವಾಳದಲ್ಲಿ ಒಗೆದದ್ದು ಬರೀ ನೀರಿನಲ್ಲಿ ಒಗೆದದ್ದಕ್ಕಿಂತ ಬೇರೆಯಾಗಿ ಕಾಣಲೇ ಇಲ್ಲ. ಮೊಮ್ಮಗಳ ಮುಖ ಸಪ್ಪಗಾಯಿತು. ಎರಡು ತುಂಡುಗಳನ್ನೂ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಮೆಲ್ಲಗೆ, "ತಾತ, ಚಹಾದ್ದು ಚಾರ್ಟಿನಲ್ಲಿ ಹಾಕೋದು ಬೇಡ. ಮೂರು ಕಲೆ ಸಾಕು" ಎಂದಳು.

"ಯಾಕೆ?"

"ಟೀಚರ್ ಏನು ಕೇಳಲ್ಲ. ನಾವು ನಾಲ್ಕು ಮಾಡಿದ್ದು ಯಾರಿಗೆ ಗೊತ್ತು?"

ನನಗೆ ಗೊತ್ತಲ್ಲ ಎಂದು ಹೇಳಬಹುದಿತ್ತು. ಆದರೆ ಹಾಗೆ ಹೇಳುವ ಯೋಗ್ಯತೆ ನನಗೆ ಎಷ್ಟಿದೆ ಎಂದು ಯೋಚನೆಯಾಯಿತು. ಅವಳನ್ನು ಒಗೆಯುವ ಕಲ್ಲಿನ ಮೇಲೆ ಕೂರಿಸಿ ಹಳೆಯ ಕಥೆ ಹೇಳಿದೆ.

1980ರ ಸುಮಾರು. ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಬ್ಯಾಂಕಿನ ಗುಮಾಸ್ತ. ಮದುವೆಯಾಗಿ ಎರಡು ವರ್ಷ. ನನ್ನ ಹೆಂಡತಿಗೆ ಅವಳ ತಂದೆ ಕೊಟ್ಟ ಒಂದು ಹಸಿರು ರೇಷ್ಮೆ ಸೀರೆ ಇತ್ತು, ಅಂಚು ಕೆಂಪು. ಅವಳು ತವರಿಗೆ ಹೋಗಿದ್ದಾಗ ಪೆಟ್ಟಿಗೆಯಲ್ಲಿ ಅದರ ಮೇಲೊಂದು ಕಾಫಿ ಕಲೆ ನೋಡಿದೆ. ರೇಷ್ಮೆಗೆ ಮಡಿವಾಳರು ಬೇರೆ ದರ ತೆಗೆದುಕೊಳ್ಳುತ್ತಿದ್ದರು. ನಾನೇ ಒಗೆದು ದುಡ್ಡು ಉಳಿಸೋಣ, ಅವಳು ಬಂದಾಗ ಆಶ್ಚರ್ಯವೂ ಆಗಲಿ ಎಂದುಕೊಂಡೆ. ಬಿಸಿನೀರಿಗೆ ಒಂದು ಹಿಡಿ ಬಟ್ಟೆ ಸೋಡಾ ಸುರಿದು ಸೀರೆ ನೆನೆಹಾಕಿ ಪೇಟೆಗೆ ಹೋದೆ. ಬಂದು ನೋಡುತ್ತೇನೆ, ನೀರು ಹಸಿರಾಗಿದೆ, ಕೆಂಪು ಅಂಚು ಒಡಲಿಗೆ ಹರಿದಿದೆ. ಒಣಗಿದ ಮೇಲೆ ಹೊಳಪೇ ಇಲ್ಲ, ಮುಟ್ಟಿದರೆ ಗೋಣಿಚೀಲದಂತೆ ಒರಟು.

ಆಶ್ಚರ್ಯವಂತೂ ಆಗುವುದರಲ್ಲಿತ್ತು. ಆಗ ನಾನು ಮಾಡಿದ ಕೆಲಸ ಹೇಳಲು ಈಗಲೂ ನಾಚಿಕೆ. ಸೀರೆಯನ್ನು ಮಡಿಸಿ, ಮಡಿವಾಳರಿಗೆ ಕೊಡುವ ಗಂಟಿನಲ್ಲಿ ಉಳಿದ ಬಟ್ಟೆಗಳ ಮಧ್ಯೆ ಸೇರಿಸಿಬಿಟ್ಟೆ. ಮುಂದಿನ ವಾರ ಅವರು ಗಂಟು ತಂದಾಗ ಹೆಂಡತಿ ಬಂದಿದ್ದಳು. ಸೀರೆ ಬಿಚ್ಚಿ ನೋಡಿ ಅವಳಿಗೆ ಮಾತೇ ಹೊರಡಲಿಲ್ಲ. ನಾನು ಜೋರು ದನಿಯಲ್ಲಿ, "ರೇಷ್ಮೆ ಅಂತ ನೋಡಿ ಒಗೆಯಬಾರದಾ?" ಎಂದೆ. ಅವರು ನನಗಿಂತ ಇಪ್ಪತ್ತು ವರ್ಷ ಹಿರಿಯರು. ಸೀರೆಯ ಸೆರಗನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದರು, ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಆ ತಿಂಗಳ ಲೆಕ್ಕದಲ್ಲಿ ನಾನು ಹತ್ತು ರೂಪಾಯಿ ಹಿಡಿದುಕೊಂಡೆ. "ಸೀರೆ ಬಾಬ್ತು ಕಡಿತ ರೂ. 10" ಎಂದು ಪುಸ್ತಕದಲ್ಲಿ ಬರೆದೆ.

ಬ್ಯಾಂಕಿನಲ್ಲಿ ಸಾಯಂಕಾಲ ಒಂದು ರೂಪಾಯಿ ವ್ಯತ್ಯಾಸ ಬಂದರೆ ಅದು ಸಿಗುವವರೆಗೆ ನಾವು ಮನೆಗೆ ಹೋಗುವಂತಿರಲಿಲ್ಲ. ದಿನವೂ ಆ ಕೆಲಸ ಮಾಡುತ್ತಿದ್ದವನ ಮನೆಯ ಪುಸ್ತಕದಲ್ಲಿ ಇಂಥದ್ದೊಂದು ನಮೂದು! ಒಂದು ವಾರ ನಿದ್ದೆ ಸರಿಯಾಗಲಿಲ್ಲ. ಭಾನುವಾರ ಬೆಳಿಗ್ಗೆ ಹತ್ತು ರೂಪಾಯಿ ಹಿಡಿದುಕೊಂಡು ಕೆರೆಯ ಕಡೆ ನಡೆದೆ. ದಂಡೆಯಲ್ಲಿ ಉಬ್ಬೆ ಕುದಿಯುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು: "ಸೀರೆ ಮುಟ್ಟಿದಾಗಲೇ ಗೊತ್ತಾಯ್ತು ಸ್ವಾಮಿ. ಸೋಡಾದಾಗೆ ಬಿದ್ದಿದ್ದ ರೇಸ್ಮೆ ಬೆರಳಿಗೇ ಹೇಳ್ತದೆ."

"ಮತ್ತೆ ಯಾಕೆ ಸುಮ್ಮನಿದ್ರಿ?"

"ಅಮ್ಮಾವ್ರ ಮುಂದೆ ನಿಮ್ಮನ್ನ ಸುಳ್ಳ ಅನ್ನೋಕಾಗ್ತದಾ? ನೀವೇ ಹೇಳ್ಬೇಕು."

ಹತ್ತು ರೂಪಾಯಿ ತೆಗೆದುಕೊಂಡರು. ಬೇಡವೆಂದು ಹೇಳಲಿಲ್ಲ, ಅದು ಅವರ ಹಣ. ಆಮೇಲೆ ಒಂದು ಚೀಲಕ್ಕೆ ಕೈಹಾಕಿ ಒಂದು ಹಿಡಿ ಅಂಟುವಾಳದ ಕಾಯಿ ತೆಗೆದು ನನ್ನ ಕರವಸ್ತ್ರಕ್ಕೆ ಸುರಿದರು. ಹತ್ತಿಬಟ್ಟೆಗೆ ಚೌಳು ಮಣ್ಣು, ಸೋಡಾ, ಬೂದಿನೀರು ಏನಾದರೂ ಆದೀತು. ರೇಷ್ಮೆಗೆ, ಉಣ್ಣೆಗೆ ಮಾತ್ರ ಇದು, ಅದೂ ತಣ್ಣೀರಿನಲ್ಲಿ, ಹಿಂಡದೆ, ನೆರಳಿನಲ್ಲಿ ಒಣಗಿಸಿ ಎಂದು ಹೇಳಿಕೊಟ್ಟರು. ಇದರ ಕಾರಣ ನನಗೆ ತಿಳಿದದ್ದು ಈಗ, ಮೊಮ್ಮಗಳ ಪುಸ್ತಕದಿಂದ. ರೇಷ್ಮೆ, ಉಣ್ಣೆ ನಮ್ಮ ಕೂದಲಿನ ಹಾಗೆ ಪ್ರೋಟೀನಿನಿಂದ ಆದವು. ಕ್ಷಾರ ಅವನ್ನು ತಿನ್ನುತ್ತದೆ. ಹತ್ತಿ ಗಿಡದ ನಾರು, ಕ್ಷಾರವನ್ನು ತಡೆದುಕೊಳ್ಳುತ್ತದೆ. ಅವರು ಪುಸ್ತಕ ಓದಿರಲಿಲ್ಲ, ಬೆರಳಿನಲ್ಲೇ ತಿಳಿದುಕೊಂಡಿದ್ದರು.

ಆ ರಾತ್ರಿ ಹೆಂಡತಿಗೆ ಹೇಳಿದೆ. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, "ಸೀರೆ ಹೋದದ್ದಕ್ಕಲ್ಲ, ಅವರನ್ನು ಬಾಗಿಲಲ್ಲಿ ನಿಲ್ಲಿಸಿ ಅಂದಿರಲ್ಲ, ಅದಕ್ಕೆ" ಎಂದಳು. ಮುಂದಿನ ಸಲ ಅವರು ಬಂದಾಗ ಅವಳೇ ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟಳು. ನಾನು ಅವಳೆದುರಿಗೆ, "ತಪ್ಪು ನನ್ನದು" ಎಂದೆ. ಆ ಸೀರೆ ಕೌದಿಯ ಒಳಪದರವಾಗಿ ಈಗಲೂ ಮನೆಯಲ್ಲಿದೆ.

ಕಥೆ ಕೇಳಿದ ಮೊಮ್ಮಗಳು ಒಳಗೆ ಹೋಗಿ ಕೌದಿಯ ಹೊಲಿಗೆ ಬಿಟ್ಟ ಮೂಲೆಯಲ್ಲಿ ಬೆರಳಿಟ್ಟು ಹಸಿರು ಬಟ್ಟೆ ಮುಟ್ಟಿ ನೋಡಿ ಬಂದಳು. ಏನೂ ಹೇಳದೆ ಚಾರ್ಟಿನಲ್ಲಿ ನಾಲ್ಕನೆಯ ಸಾಲು ಎಳೆದಳು. "ಚಹಾ: ಅಂಟುವಾಳಕ್ಕೆ ಹೋಗಲಿಲ್ಲ."

ಮಾರನೆಯ ದಿನ ನನ್ನ ಸರದಿ. ಖರ್ಚಿನ ಪಟ್ಟಿ ಮಾಡುವುದು ನನ್ನ ಪಾಲಿಗೆ ಬಂದಿತ್ತು. ನಾವು ಕೊಂಡದ್ದು ಕಾಲು ಕಿಲೋ ಸಿಪ್ಪೆ, 60 ರೂಪಾಯಿ. ಒಂದು ಬಕೆಟ್ಟಿಗೆ 15 ಗ್ರಾಂ ಎಂದರೆ 16 ಬಕೆಟ್ ಆಗಿ 10 ಗ್ರಾಂ ಉಳಿಯುತ್ತದೆ. ಬಕೆಟ್ಟಿಗೆ 3 ರೂಪಾಯಿ 75 ಪೈಸೆ. ಕುದಿಸಿದ ಸಿಪ್ಪೆಯನ್ನು ಎಸೆಯದೆ ಸೋಲಾರ್ ಬಿಸಿನೀರಿನಲ್ಲಿ ಮತ್ತೊಮ್ಮೆ ಕಿವುಚಿದರೆ ಅರ್ಧದಷ್ಟು ನೊರೆ ಸಿಗುತ್ತದೆ, ಕರವಸ್ತ್ರ, ಕಾಲುಚೀಲಕ್ಕೆ ಧಾರಾಳ. ಅದನ್ನೂ ಸೇರಿಸಿದರೆ ಒಟ್ಟು 24 ಬಕೆಟ್, ತಲಾ 2 ರೂಪಾಯಿ 50 ಪೈಸೆ. ಅಂಗಡಿ ಪುಡಿ ಕಿಲೋಗೆ 120 ರೂಪಾಯಿ, ಬಕೆಟ್ಟಿಗೆ 25 ಗ್ರಾಂ, ಅಂದರೆ 3 ರೂಪಾಯಿ. "ನೋಡು, ಬಕೆಟ್ಟಿಗೆ ಐವತ್ತು ಪೈಸೆ ಉಳಿತಾಯ!" ಎಂದು ಹೆಮ್ಮೆಯಿಂದ ಪೆನ್ನು ಮುಚ್ಚಿದೆ.

ಮೊಮ್ಮಗಳು ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ, "ತಾತ, ಗ್ಯಾಸ್ ಎಲ್ಲಿ?" ಎಂದಳು.

ಬರೆದಿರಲಿಲ್ಲ. ಮರೆತೆನೋ, ಮರೆಯಬೇಕೆಂದು ಮರೆತೆನೋ, ದೇವರಿಗೇ ಗೊತ್ತು. ಒಂದು ಸಲ ಕುದಿಸಲು ಗ್ಯಾಸು ಅಂದಾಜು ಎರಡು ರೂಪಾಯಿ ಎಂದು ಹಿಡಿದು, ಎರಡನೆಯ ಸಲ ಕಿವುಚಿದ್ದೂ ಸೇರಿ ಆರು ಬಕೆಟ್ಟಿಗೆ ಹಂಚಿದೆವು. ತಲಾ ಸುಮಾರು ಮೂವತ್ತಮೂರು ಪೈಸೆ. ಉಳಿತಾಯ ಬರೀ ಹದಿನೇಳು ಪೈಸೆ! ಕೊಂಡು ತಂದ ಅಂಟುವಾಳವೂ ಅಂಗಡಿ ಪುಡಿಯೂ ಹೆಚ್ಚು ಕಡಿಮೆ ಸಮ. ಮರದ ಕೆಳಗೆ ಬಿದ್ದ ಕಾಯಿ ಆರಿಸಿ ತರುವವರಿಗೆ ಮಾತ್ರ ಇದು ಅಗ್ಗ. ಅವರಿಗೆ ಗ್ಯಾಸಿನ ಮೂವತ್ತಮೂರು ಪೈಸೆಯಷ್ಟೇ ಖರ್ಚು. ನಮ್ಮ ಮನೆಯಲ್ಲಿ ಇನ್ನೊಂದು ಲಾಭ ಕಂಡಿತು. ನೊರೆ ಕಡಿಮೆಯಾದ್ದರಿಂದ ಮೂರು ಸಲ ಜಾಲಿಸುವ ಬದಲು ಎರಡು ಸಲ ಸಾಕಾಯಿತು, ಒಂದು ಬಕೆಟ್ ನೀರು ಉಳಿಯಿತು. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವವರಿಗೆ ಅದರ ಬೆಲೆ ಗೊತ್ತು. ಅದನ್ನೂ ಬರೆದಳು. ಜೊತೆಗೆ ಈ ನಾಲ್ಕು ಮಾತು:

ರೇಷ್ಮೆ, ಉಣ್ಣೆ, ಬಣ್ಣ ಹೋಗುವ ಬಟ್ಟೆಗೆ ಅಂಟುವಾಳ ಒಳ್ಳೆಯದು, ತಣ್ಣೀರಿನಲ್ಲಿ.

ದಿನನಿತ್ಯದ ಬೆವರು, ಧೂಳಿಗೆ ಸಾಕು.

ಕೊಳೆಯಾದ ಹತ್ತಿಬಟ್ಟೆಗೆ ಬಕೆಟ್ಟಿಗೆ ಒಂದು ಚಮಚ ಬಟ್ಟೆ ಸೋಡಾ ಸೇರಿಸಬಹುದು. ಸೋಡಾ ದೊಡ್ಡವರೇ ಹಾಕಬೇಕು. ರೇಷ್ಮೆಗೆ ಬೇಡವೇ ಬೇಡ. (ಈ ಸಾಲಿನ ಕೆಳಗೆ ಎರಡು ಗೆರೆ ಎಳೆದು ನನ್ನ ಕಡೆ ನೋಡಿದಳು.)

ಬಿಳಿ ಬಟ್ಟೆಯನ್ನು ಚೆನ್ನಾಗಿ ಜಾಲಿಸದಿದ್ದರೆ ಕಂದು ಛಾಯೆ ಉಳಿಯುತ್ತದೆ.

ಪ್ರದರ್ಶನದ ದಿನ ನಾನೂ ಹೋಗಿದ್ದೆ. ಅವಳ ಪಕ್ಕದಲ್ಲಿ ಹೊಗೆಯುಗುಳುವ ಜ್ವಾಲಾಮುಖಿ, ಆ ಪಕ್ಕದಲ್ಲಿ ಓಡುವ ರೋಬೋ ಗಾಡಿ. ಇವಳ ಮೇಜಿನ ಮೇಲೆ ಹನ್ನೆರಡು ತುಂಡು ಪಂಚೆ. ಬಹುಮಾನ ಜ್ವಾಲಾಮುಖಿಗೆ ಹೋಯಿತು. ಮಧ್ಯಾಹ್ನ ಯಾರದೋ ಅಜ್ಜಿಯೊಬ್ಬರು ಬಂದು ಚಾರ್ಟು ಓದಿ, ಚಹಾದ ತುಂಡನ್ನು ಕೈಗೆತ್ತಿಕೊಂಡು, "ಇದು ಹೋಗಲಿಲ್ಲ ಅಂತ ನೀನೇ ಬರೆದಿದ್ದೀಯಲ್ಲೇ!" ಎಂದರು. "ಹೋಗಲಿಲ್ಲ ಅಜ್ಜಿ, ಐವತ್ತು ಸಲ ಉಜ್ಜಿದೆ" ಎಂದಳು. "ಹಾಗಾದ್ರೆ ಉಳಿದದ್ದನ್ನ ನಂಬಬಹುದು. ನನ್ನ ಧಾರೆ ಸೀರೆ ಒಂದಿದೆ. ತಣ್ಣೀರಿಗೆ ಎಷ್ಟು ಹಾಕ್ಬೇಕು, ಬರೆದುಕೊಡು" ಎಂದು ಕೈಚೀಲದಿಂದ ಚೀಟಿ ತೆಗೆದರು. ಮೊಮ್ಮಗಳು ಬರೆದಳು. ಹಿಂಡಬೇಡಿ, ನೆರಳಿನಲ್ಲಿ ಒಣಗಿಸಿ ಎಂದು ಕೊನೆಯಲ್ಲಿ ಸೇರಿಸಿದಳು. ಆ ಮಾತನ್ನು ನಾನು ಕೆರೆ ದಂಡೆಯಲ್ಲಿ ಕೇಳಿ ನಲವತ್ತು ವರ್ಷ ದಾಟಿದೆ.

ಅಂಗಡಿಯವರು ಸಿಪ್ಪೆಯ ಜೊತೆ ಕೊಸರಿಗೆಂದು ಹಾಕಿದ್ದ ಇಡೀ ಕಾಯಿಗಳಲ್ಲಿ ಆರು ಬೀಜ ಸಿಕ್ಕಿದವು. ಬೆಚ್ಚಗಿನ ನೀರಿನಲ್ಲಿ ಒಂದು ದಿನ ನೆನೆಸಿ ಕುಂಡದಲ್ಲಿ ಹಾಕಿದ್ದೇವೆ. ಮೊಳೆತರೆ ಶಾಲೆಯ ಬೇಲಿಯ ಪಕ್ಕ ನೆಡುವ ಯೋಚನೆ. ಮರವಾಗಿ ಕಾಯಿ ಬಿಡಲು ಎಂಟು ಹತ್ತು ವರ್ಷವಾದರೂ ಬೇಕು. ಅಷ್ಟರಲ್ಲಿ ಅವಳು ಕಾಲೇಜು ಸೇರಿರುತ್ತಾಳೆ. ಬಕೆಟ್ಟಿಗೆ ಎಷ್ಟು ಪೈಸೆ ಬಿತ್ತು ಎಂಬ ಆಗಿನ ಲೆಕ್ಕವನ್ನು ಅವಳೇ ಬರೆಯಬೇಕು. ಗ್ಯಾಸು ಮರೆಯುವುದಿಲ್ಲ ಎಂಬ ಧೈರ್ಯ ನನಗಿದೆ.